ಹಿರೇಬೆಣಕಲ್ ಗುಡ್ಡದ ಗವಿಚಿತ್ರ ನೋಡಲು ಹೊರಟಿದ್ದೇವೆ. ಚಿತ್ರಕ್ಕೆ ನೀರು ಹಾಕುವುದು ಸರಿಯಾ?

ದಾರಿಹೋಕ
ಡಿಸೆಂಬರ್ ರಜೆಯಲ್ಲಿ ಗಂಗಾವತಿ ಕಡೆ ಹೊರಟಿದ್ದೇವೆ. ಹಂಪಿ ನೋಡಿದ್ದಾಗಿದೆ. ಈ ಸಲ ಹಿರೇಬೆಣಕಲ್ ಗುಡ್ಡ ಹತ್ತಲೇಬೇಕು ಅಂತ ಮನಸ್ಸು. ಅಲ್ಲಿನ ಕಲ್ಲಿನ ಸಮಾಧಿಗಳ ಫೋಟೊ ಬೇಕಾದಷ್ಟು ಸಿಗುತ್ತವೆ. ನನಗೆ ಆಸೆ ಇರುವುದು ಬಂಡೆಗಳ ಕೆಳಗಿನ ಕೆಂಪು ಚಿತ್ರಗಳ ಮೇಲೆ. ಆದಿಮಾನವರ ಚಿತ್ರ ಅಂತ ಶಾಲೆಯಲ್ಲಿ ಓದಿದ್ದನ್ನು ಮಗಳಿಗೆ ಕಣ್ಣಾರೆ ತೋರಿಸಬೇಕು. ಅವಳಿಗೆ ಹತ್ತು ವರ್ಷ. ಅಪ್ಪನೂ ಬರುತ್ತೇನೆ ಅನ್ನುತ್ತಿದ್ದಾರೆ, ಆದರೆ ಅವರಿಗೆ ಮಂಡಿನೋವು.

ಮೊನ್ನೆ ಒಂದು ವಿಡಿಯೊ ನೋಡಿದೆ. ಒಬ್ಬ ಹುಡುಗ ಬಾಟಲಿಯಿಂದ ಚಿತ್ರದ ಮೇಲೆ ನೀರು ಎರಚುತ್ತಾನೆ. ಮಸುಕಾಗಿದ್ದ ಜಿಂಕೆ ಒಮ್ಮೆಲೇ ಕೆಂಪಗೆ ಎದ್ದು ಕಾಣುತ್ತದೆ. ಕೆಳಗೆ ನೂರಾರು ಜನ ಸೂಪರ್ ಅಂತ ಬರೆದಿದ್ದಾರೆ. ನನಗೆ ಯಾಕೋ ಸರಿ ಕಾಣಲಿಲ್ಲ. ಗೆಳೆಯನನ್ನು ಕೇಳಿದರೆ, ಕಲ್ಲಿಗೆ ಪ್ರತಿ ವರ್ಷ ಮಳೆ ಬೀಳುತ್ತದೆ, ಒಂದು ಬಾಟಲಿ ನೀರಿನಿಂದ ಏನಾಗುತ್ತದೆ ಅಂದ. ತಿಳಿದವರು ಹೇಳಿ. ಚಿತ್ರಗಳಿರುವ ಜಾಗದ ಲೊಕೇಶನ್ ಇದ್ದರೆ ಅದನ್ನೂ ಹಾಕಿ.

ಬಿಸಿಲೂರು
ನೀರು ಹಾಕಬೇಡಿ. ಹಾಕುವವರನ್ನು ಕಂಡರೆ ತಡೆಯಿರಿ.

ಹಾಸುಬಂಡೆ
ನಿಮ್ಮ ಗೆಳೆಯನ ಮಾತನ್ನು ತುಂಬಾ ಜನ ಹೇಳುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಳೆ ಬೀಳುವ ಕಡೆ ಬರೆದ ಚಿತ್ರಗಳು ಯಾವತ್ತೋ ಅಳಿಸಿಹೋಗಿವೆ. ಇವತ್ತು ನಮಗೆ ಕಾಣುವುದು ಮಳೆ ತಾಗದ ಕಡೆ ಉಳಿದವು ಮಾತ್ರ. ಬಂಡೆ ಮುಂದಕ್ಕೆ ಚಾಚಿಕೊಂಡಿರುತ್ತದೆ, ನೀರು ಅದರ ಅಂಚಿನಿಂದ ಆಚೆ ತೊಟ್ಟಿಕ್ಕುತ್ತದೆ, ಒಳಗಿನ ಗೋಡೆ ಒಣಗಿರುತ್ತದೆ. ಚಿತ್ರ ಇಷ್ಟು ಕಾಲ ಬಾಳಿದ್ದೇ ಆ ಒಣ ಜಾಗದಿಂದ. ನಾವು ಹೋಗಿ ಅಲ್ಲಿಗೇ ನೀರು ಎರಚುತ್ತೇವೆ.

ನೀರು ಕಲ್ಲಿನ ಸಣ್ಣ ಸಣ್ಣ ಬಿರುಕಿನೊಳಗೆ ಇಳಿಯುತ್ತದೆ. ಅಲ್ಲಿನ ಉಪ್ಪನ್ನು ಕರಗಿಸುತ್ತದೆ. ಆರುವಾಗ ಆ ಉಪ್ಪು ಮೇಲ್ಮೈಗೆ ಬಂದು ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಮೇಲಿನ ಪದರವನ್ನು ತಳ್ಳುತ್ತದೆ, ಬಣ್ಣ ಇರುವುದು ಅದೇ ಪದರದಲ್ಲಿ. ಹಳೇ ಮನೆ ಗೋಡೆಗೆ ತೇವ ಹತ್ತಿದಾಗ ಬಿಳಿ ಉಪ್ಪು ಎದ್ದು ಸುಣ್ಣ ಉದುರುತ್ತದಲ್ಲ, ಹಾಗೆ. ಉದುರದೆ ಉಳಿದರೂ ಚಿತ್ರದ ಮೇಲೆ ಒಂದು ಬೆಳ್ಳಗಿನ ಪೊರೆ ನಿಲ್ಲುತ್ತದೆ. ಮುಂದಿನವನಿಗೆ ಚಿತ್ರ ಇನ್ನೂ ಮಸುಕು. ಅವನು ಇನ್ನೂ ಜಾಸ್ತಿ ನೀರು ಹಾಕುತ್ತಾನೆ.

ಚಾರಣಿಗ
ಸ್ವಲ್ಪ ಜಾಸ್ತಿ ಹೆದರಿಸುತ್ತಿದ್ದೀರಿ ಅನಿಸುತ್ತದೆ. ಅಲ್ಲಿ ದಾರಿ ತೋರಿಸುವವರೇ ನೀರು ಹಾಕಿ ತೋರಿಸಿದ್ದನ್ನು ನೋಡಿದ್ದೇನೆ. ನೀರು ಹಾಕದಿದ್ದರೆ ಎಷ್ಟೋ ಚಿತ್ರ ಕಾಣುವುದೇ ಇಲ್ಲ. ಕಾಣದ ಚಿತ್ರ ಇದ್ದೇನು ಪ್ರಯೋಜನ? ಹತ್ತು ಸಾವಿರ ವರ್ಷ ಉಳಿದಿದೆ, ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಬಿಸಿಲೂರು
ದಾರಿ ತೋರಿಸುವವರು ಹಾಕಿದರೆ ಸರಿ ಆಗಿಬಿಡುತ್ತದಾ? ಬಂದವರು ಹಾಕಿ ಅಂತ ಒತ್ತಾಯ ಮಾಡುತ್ತಾರೆ, ಅದಕ್ಕೆ ಹಾಕುತ್ತಾರೆ. ನಾವು ಬೇಡ ಅಂದರೆ ಯಾರೂ ಹಾಕುವುದಿಲ್ಲ.

ತಾಳೆಗರಿ
@ಚಾರಣಿಗ, ಹತ್ತು ಸಾವಿರ ವರ್ಷ ಅನ್ನುವ ಲೆಕ್ಕ ಎಲ್ಲಿಂದ ಬಂತು? ಹಿರೇಬೆಣಕಲ್ಲಿನ ಚಿತ್ರಗಳಲ್ಲಿ ಕುದುರೆ ಸವಾರರು ಇದ್ದಾರೆ, ಕೈಯಲ್ಲಿ ಆಯುಧ ಹಿಡಿದವರು ಇದ್ದಾರೆ. ಕುದುರೆ ಏರಿದ ಮನುಷ್ಯ ದಕ್ಷಿಣದಲ್ಲಿ ಕಾಣುವುದು ಕಬ್ಬಿಣದ ಕಾಲಕ್ಕೆ. ಸಮಾಧಿಗಳಿಗೂ ಸುಮಾರು ಕ್ರಿ.ಪೂ. 800ರಿಂದ ಕ್ರಿ.ಪೂ. 200 ಅಂತ ಕಾಲ ಹೇಳುತ್ತಾರೆ. ಹಾಗಂತ ಎಲ್ಲ ಚಿತ್ರವೂ ಒಂದೇ ಕಾಲದ್ದಲ್ಲ. ಒಂದೇ ಬಂಡೆಯ ಆಸರೆಗೆ ಜನ ಮತ್ತೆ ಮತ್ತೆ ಬಂದು ಬರೆದಿರುತ್ತಾರೆ.

ಬೇರೆ ಕಡೆಗಳಲ್ಲಿ ಇದಕ್ಕಿಂತ ಬಹಳ ಹಳೆಯವು ಇವೆ ನಿಜ. ಮಧ್ಯಪ್ರದೇಶದ ಭೀಮಬೇಟ್ಕದಲ್ಲಿ ಬೇಟೆಗಾರರ ಕಾಲದಿಂದ ಹಿಡಿದು ಇತ್ತೀಚಿನ ರಾಜರ ಕಾಲದವರೆಗಿನ ಚಿತ್ರಗಳು ಒಂದರ ಮೇಲೊಂದು ಇವೆ. ಅದರ ವಯಸ್ಸನ್ನು ತಂದು ಇದಕ್ಕೆ ಹಚ್ಚಬಾರದು.

ಚಾರಣಿಗ
ಬಣ್ಣವನ್ನು ಲ್ಯಾಬಿಗೆ ಕಳಿಸಿದರೆ ವಯಸ್ಸು ಸಿಗುವುದಿಲ್ಲವಾ? ಊಹೆ ಯಾಕೆ?

ತಾಳೆಗರಿ
ಅಷ್ಟು ಸುಲಭ ಇಲ್ಲ. ಕಾರ್ಬನ್ ಪರೀಕ್ಷೆಗೆ ಇದ್ದಿಲು, ಮೂಳೆ, ಬೀಜದಂಥ ಒಮ್ಮೆ ಜೀವ ಇದ್ದ ವಸ್ತು ಬೇಕು. ಈ ಕೆಂಪು ಕಾವಿಮಣ್ಣಿನದು, ಅಂದರೆ ಕಬ್ಬಿಣದ ಆಕ್ಸೈಡ್. ಅದರಲ್ಲಿ ಕಾರ್ಬನ್ ಇಲ್ಲ. ಅದಕ್ಕೇ ಚಿತ್ರದೊಳಗೆ ಏನಿದೆ, ಯಾವುದರ ಮೇಲೆ ಯಾವುದು ಬರೆದಿದೆ, ಹತ್ತಿರ ಅಗೆದಾಗ ಏನು ಸಿಕ್ಕಿತು ಅಂತ ನೋಡಿ ಕಾಲ ಹೇಳುವುದು.

ಮಳೆಬಿಲ್ಲು
ಆಸ್ಟ್ರೇಲಿಯಾದಲ್ಲಿ ಇದಕ್ಕೊಂದು ದಾರಿ ಹುಡುಕಿದ್ದಾರೆ. ನಾನಿರುವುದು ಪರ್ತ್‌ನಲ್ಲಿ. ಇದೇ ರಾಜ್ಯದ ಉತ್ತರಕ್ಕೆ ಕಿಂಬರ್ಲಿ ಅಂತ ಪ್ರದೇಶ ಇದೆ. ಅಲ್ಲಿನ ಕಲ್ಲಾಸರೆಗಳಲ್ಲಿ ಕಣಜಗಳು ಚಿತ್ರಗಳ ಮೇಲೆ ಮಣ್ಣಿನ ಗೂಡು ಕಟ್ಟುತ್ತವೆ. ಕೆಲವು ಕಡೆ ಹಳೇ ಗೂಡಿನ ಮೇಲೆ ಚಿತ್ರ ಬರೆದಿರುತ್ತಾರೆ. ಗೂಡಿನ ಮಣ್ಣಿನಲ್ಲಿ ಇದ್ದಿಲಿನ ಚೂರು ಸೇರಿರುತ್ತದೆ, ಅದರ ವಯಸ್ಸು ತೆಗೆಯಬಹುದು. ಕೆಳಗಿನ ಗೂಡಿಗಿಂತ ಚಿತ್ರ ಹೊಸದು, ಮೇಲಿನ ಗೂಡಿಗಿಂತ ಹಳೆಯದು. ಹೀಗೆ ಮಾಡಿ ಒಂದು ಕಾಂಗರೂ ಚಿತ್ರಕ್ಕೆ ಸುಮಾರು 17,300 ವರ್ಷ ಅಂತ 2021ರಲ್ಲಿ ಪ್ರಕಟಿಸಿದರು.

ಇದನ್ನು ಯಾಕೆ ಹೇಳಿದೆ ಅಂದರೆ, ಚಿತ್ರ ಚೆನ್ನಾಗಿ ಕಾಣಲಿ ಅಂತ ಯಾರೂ ಕಣಜದ ಗೂಡು ಕೆರೆಯಬಾರದು. ಕಸದಂತೆ ಕಾಣುವ ಆ ಮಣ್ಣೇ ನಾಳೆ ವಯಸ್ಸು ಹೇಳಬಹುದು.

ಬಿಸಿಲೂರು
ಕಣಜದ ಗೂಡು! ಇದು ಗೊತ್ತೇ ಇರಲಿಲ್ಲ.

ಗಂಗಾವತಿಯವ
ಬರುವ ದಾರಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಊರಿನಿಂದ ಹಿರೇಬೆಣಕಲ್ ಹತ್ತಿರವೇ. ಬಸ್ಸು, ಆಟೊ ಎರಡೂ ಸಿಗುತ್ತವೆ. ಊರಿನಿಂದ ಮೇಲೆ ನಡೆದೇ ಹೋಗಬೇಕು. ಮಗು ಜೊತೆಗಿದ್ದರೆ ಒಂದೂವರೆ ಗಂಟೆ ಅಂತ ಇಟ್ಟುಕೊಳ್ಳಿ. ಮೆಟ್ಟಿಲ ದಾರಿ ಅಂದುಕೊಂಡು ಬರಬೇಡಿ. ಹಾಸುಬಂಡೆ, ಉರುಟು ಕಲ್ಲು, ಮುಳ್ಳುಕಂಟಿ. ಮಂಡಿನೋವು ಇರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅಪ್ಪನವರನ್ನು ಕರೆತರಬೇಡಿ ಅಂತ ಹೇಳಲು ನನಗೆ ಮನಸ್ಸಿಲ್ಲ, ಆದರೆ ಅರ್ಧಕ್ಕೆ ಕೂತರೆ ಅಲ್ಲಿ ನೆರಳೂ ಇಲ್ಲ, ಜನರೂ ಇಲ್ಲ.

ಬೆಳಿಗ್ಗೆ ಆರೂವರೆಗೆ ಹೊರಡಿ. ಡಿಸೆಂಬರ್ ಆದರೂ ಹನ್ನೊಂದರ ಹೊತ್ತಿಗೆ ಬಂಡೆ ಕಾಯುತ್ತದೆ. ತಲಾ ಎರಡು ಮೂರು ಲೀಟರ್ ನೀರು ಬೇಕೇ ಬೇಕು, ಕುಡಿಯಲು ಮಾತ್ರ. ಮೇಲೆ ಒಂದು ದೊಡ್ಡ ದೊಣೆ ಇದೆ. ಸಮಾಧಿಗೆ ಕಲ್ಲುಚಪ್ಪಡಿ ತೆಗೆದ ಜಾಗ ಅದು ಅನ್ನುತ್ತಾರೆ. ಅದರ ನೀರು ಕುಡಿಯಬೇಡಿ. ಮತ್ತೆ, ಊರಿನವರನ್ನು ಒಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಿ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ಗವಿ ಕಂಡ ತಕ್ಷಣ ಒಳಗೆ ನುಗ್ಗಬಾರದು. ನಮಗಿಂತ ಮೊದಲು ಅವು ಅಲ್ಲಿ ಮಲಗಿರಬಹುದು.

ಮಲೆನಾಡ ಮಳೆ
ಕರಡಿ ಇರುವುದು ದರೋಜಿಯಲ್ಲಿ ಅಲ್ವಾ? ಅದು ನದಿಯ ಆಚೆ.

ಗಂಗಾವತಿಯವ
ದರೋಜಿ ಕರಡಿಧಾಮ ಆಗಿದ್ದು 1994ರಲ್ಲಿ. ಅದಕ್ಕೂ ಮೊದಲಿನಿಂದ ಈ ಎಲ್ಲ ಬಂಡೆಗುಡ್ಡಗಳಲ್ಲಿ ಕರಡಿ ಇವೆ. ಧಾಮದ ಗಡಿ ನಮಗೆ ಗೊತ್ತು, ಕರಡಿಗೆ ಗೊತ್ತಿಲ್ಲ.

ಹಾಸುಬಂಡೆ
ಅಪ್ಪನವರಿಗೆ ಆನೆಗುಂದಿ ಹತ್ತಿರದ ಒನಕೆ ಕಿಂಡಿ ನೋಡಿ. ಅಲ್ಲೂ ಚಿತ್ರಗಳಿವೆ, ಇಷ್ಟು ಹತ್ತಬೇಕಾಗಿಲ್ಲ. ಊರಿನವರನ್ನು ಕೇಳಿಕೊಂಡು ಹೋಗಿ.

ಕ್ಯಾಮೆರಾ ಕಣ್ಣು
ಕಾಣದ ಚಿತ್ರ ಇದ್ದೇನು ಅಂತ ಚಾರಣಿಗ ಕೇಳಿದರಲ್ಲ, ಅದಕ್ಕೆ ಉತ್ತರ ಇದೆ. ಒಂದು ಹನಿ ನೀರಿಲ್ಲದೆ ಚಿತ್ರ ಕಾಣುವಂತೆ ಮಾಡಬಹುದು. ಡಿಸ್ಟ್ರೆಚ್ ಅಂತ ಒಂದು ಸಾಫ್ಟ್‌ವೇರ್ ಇದೆ. ಜಾನ್ ಹಾರ್ಮನ್ ಅನ್ನುವವರು ಗವಿಚಿತ್ರಗಳಿಗೆ ಅಂತಲೇ ಮಾಡಿದ್ದು. ಉಪಗ್ರಹ ಫೋಟೊಗಳಲ್ಲಿ ಬಣ್ಣಗಳ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸಿ ನೋಡುವ ಒಂದು ವಿಧಾನ ಇದೆ, ಅದನ್ನೇ ಇದರಲ್ಲಿ ಬಳಸಿದ್ದಾರೆ. ಕಣ್ಣಿಗೆ ಬರೀ ಕಂದು ಕಲೆ ಅಂತ ಕಂಡದ್ದು ಸ್ಕ್ರೀನಿನ ಮೇಲೆ ಗೂಳಿ ಆಗಿ ನಿಲ್ಲುತ್ತದೆ. ಜಗತ್ತಿನ ತುಂಬಾ ಸಂಶೋಧಕರು ಈಗ ಇದನ್ನೇ ಬಳಸುವುದು.

ಫೋಟೊ ತೆಗೆಯುವಾಗ ನೇರ ಬಿಸಿಲು ಬೀಳದ ಹೊತ್ತು ನೋಡಿಕೊಳ್ಳಿ. ಅರ್ಧ ಬಿಸಿಲು ಅರ್ಧ ನೆರಳು ಇದ್ದರೆ ಏನೂ ಬರುವುದಿಲ್ಲ. ಫ್ಲ್ಯಾಷ್ ಹಾಕಿದರೆ ಕಲ್ಲಿನ ಹೊಳಪೇ ಬರುತ್ತದೆ, ಬಣ್ಣ ಹೋಗುತ್ತದೆ. ಕ್ಯಾಮೆರಾದಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್ ಇಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ. ಚಾಕ್‌ನಿಂದ ಅಂಚು ಬರೆದು ಫೋಟೊ ತೆಗೆಯುವವರೂ ಇದ್ದಾರೆ. ಅದು ನೀರಿಗಿಂತ ಕೆಟ್ಟದ್ದು. ಚಾಕ್ ಅಳಿಸಲು ಹೋದರೆ ಚಿತ್ರವೂ ಜೊತೆಗೆ ಬರುತ್ತದೆ.

ಚಾರಣಿಗ
ಇದು ಒಳ್ಳೇ ಮಾಹಿತಿ. ಆದರೆ ಎಲ್ಲರೂ ಲ್ಯಾಪ್‌ಟಾಪ್ ಹೊತ್ತು ಗುಡ್ಡ ಹತ್ತುವುದಿಲ್ಲ. ಅಲ್ಲೇ ನಿಂತು ಕಣ್ಣಿಂದ ನೋಡುವ ಖುಷಿ ಬೇರೆ.

ಹಾಸುಬಂಡೆ
ಕಣ್ಣಿಂದಲೇ ನೋಡಿ, ಯಾರು ಬೇಡ ಅಂದರು? ಬಿಸಿಲಿನಿಂದ ಬಂದ ತಕ್ಷಣ ಕಾಣುವುದಿಲ್ಲ. ಐದು ನಿಮಿಷ ನೆರಳಿನಲ್ಲಿ ಸುಮ್ನೆ ಕುಳಿತುಕೊಳ್ಳಿ. ಮೊದಲು ಒಂದು ಕಾಲು ಕಾಣುತ್ತದೆ, ಆಮೇಲೆ ಕೊಂಬು, ಆಮೇಲೆ ಕೈ ಕೈ ಹಿಡಿದು ಕುಣಿಯುವವರ ಸಾಲು. ಮಕ್ಕಳಿಗೆ ನಮಗಿಂತ ಬೇಗ ಕಾಣುತ್ತದೆ.

ಕನ್ನಡತಿ ಲಿಯೋನ್
ಫ್ರಾನ್ಸ್‌ನಿಂದ ಬರೆಯುತ್ತಿದ್ದೇನೆ. ಆದಿಮಾನವರ ಚಿತ್ರಗಳಿರುವ ಇಲ್ಲಿನ ಲಾಸ್ಕೋ ಗುಹೆ ಹೆಸರು ಕೇಳಿರುತ್ತೀರಿ. 1940ರಲ್ಲಿ ಸಿಕ್ಕಿತು, 1948ರಲ್ಲಿ ಜನರಿಗೆ ತೆರೆದರು, 1963ರಲ್ಲಿ ಮುಚ್ಚಿದರು. ಅಷ್ಟರೊಳಗೆ ಜನರ ಉಸಿರು ಮತ್ತು ದೀಪದ ಬೆಳಕಿನಿಂದ ಗೋಡೆಗೆ ಹಸಿರು ಪಾಚಿ ಹಿಡಿದಿತ್ತು. 1983ರಲ್ಲಿ ಪಕ್ಕದಲ್ಲೇ ಒಂದು ನಕಲು ಗುಹೆ ಮಾಡಿದರು. 2016ರಲ್ಲಿ ಇನ್ನೂ ದೊಡ್ಡ ನಕಲು ಬಂತು. ನಾನು ನೋಡಿದ್ದು ಅದನ್ನೇ. ನಿಜ ಹೇಳಬೇಕು, ನಕಲು ಅಂತ ಗೊತ್ತಿದ್ದೂ ಮೈ ಜುಮ್ಮೆಂದಿತು. ನಮ್ಮಲ್ಲೂ ಹಿರೇಬೆಣಕಲ್ಲಿನ ಒಂದು ಆಸರೆಯ ನಕಲು ಗಂಗಾವತಿಯಲ್ಲಿ ಮಾಡಿದರೆ ಮಂಡಿನೋವಿನ ಅಪ್ಪಂದಿರೂ ನೋಡಬಹುದು. ಮೇಲಿನದನ್ನು ಮುಚ್ಚಿಬಿಡಬಹುದು.

ತಾಳೆಗರಿ
ನಕಲು ಮಾಡುವುದಕ್ಕೆ ನನ್ನ ಒಪ್ಪಿಗೆ ಇದೆ, ಮುಚ್ಚುವುದಕ್ಕೆ ಇಲ್ಲ. ಲಾಸ್ಕೋ ನೆಲದೊಳಗಿನ ಮುಚ್ಚಿದ ಗುಹೆ. ಅಲ್ಲಿ ಉಸಿರು ಹೊರಗೆ ಹೋಗುವುದಿಲ್ಲ. ನಮ್ಮದು ಗಾಳಿ ಬೆಳಕು ಆಡುವ ತೆರೆದ ಆಸರೆ. ಇಲ್ಲಿ ಕೆಡುಕು ಬರುವುದು ಕೈಯಿಂದ, ನೀರಿನಿಂದ, ಅಡುಗೆ ಬೆಂಕಿಯ ಹೊಗೆಯಿಂದ, ಹೆಸರು ಕೆತ್ತುವವರಿಂದ. ಅದಕ್ಕೆ ಕಾವಲು ಬೇಕು, ಬೀಗ ಅಲ್ಲ.

ಗಂಗಾವತಿಯವ
ನಿಧಿಗಳ್ಳರನ್ನು ಬಿಟ್ಟಿರಿ. ಸಮಾಧಿಗಳ ಚಪ್ಪಡಿ ಉರುಳಿಸಿ ಅಗೆದವರು ಅವರೇ. ಸತ್ತವರಿಗೆ ಕಟ್ಟಿದ ಮನೆ ಅದು. ಅದರಲ್ಲಿ ಎಲ್ಲಿಯ ಚಿನ್ನ?

ರಾಯರ ಕೊಪ್ಪಲು
ಮೇಲಿನ ಕಲ್ಲಿನ ಮನೆಗಳಲ್ಲಿ ಗಿಡ್ಡ ಜನ ವಾಸವಾಗಿದ್ದರು ಅಂತಾರಲ್ಲ, ಮೋರ್ಯರು ಅಂತ. ಸಮಾಧಿ ಹೇಗೆ?

ಗಂಗಾವತಿಯವ
ಕಥೆ ನಾವೂ ಕೇಳಿಕೊಂಡೇ ಬೆಳೆದಿದ್ದೇವೆ. ಮೂರು ಅಡಿ ಎತ್ತರದ ಜನ, ಮಹಾ ಬಲಶಾಲಿಗಳು. ಅದಕ್ಕೇ ನಮ್ಮ ಕಡೆ ಅದನ್ನು ಮೋರ್ಯರ ಗುಡ್ಡ ಅನ್ನುವುದು. ಕಥೆ ಇರಲಿ, ಚೆನ್ನಾಗಿದೆ. ಅಷ್ಟು ಸಣ್ಣ ಮನೆ, ಮುಂದೆ ಒಂದು ದುಂಡು ಕಿಂಡಿ, ಇದನ್ನು ನೋಡಿದವರಿಗೆ ಗಿಡ್ಡ ಜನರ ಕಥೆ ಹುಟ್ಟುವುದು ಸಹಜ. ಆದರೆ ಇಂಥವೇ ಸಮಾಧಿಗಳು ದಕ್ಷಿಣದ ಎಷ್ಟೋ ಕಡೆ ಇವೆ. ಅಗೆದ ಕಡೆ ಮೂಳೆ, ಮಡಕೆ, ಕಬ್ಬಿಣದ ಸಾಮಾನು ಸಿಕ್ಕಿವೆ. ಹಿರೇಬೆಣಕಲ್ಲಿನಲ್ಲಿ ಸುಮಾರು 400 ಇವೆ. 19ನೇ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದರ ಬಗ್ಗೆ ಬರೆದಿದ್ದಾನೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿತು.

ಚಾರಣಿಗ
ನಗಾರಿ ಗುಂಡು ಮರೆಯಬೇಡಿ. ಎತ್ತರದ ಬಂಡೆ ಮೇಲೆ ಅರ್ಧ ಚೆಂಡಿನಂಥ ಕಲ್ಲು. ಬಡಿದರೆ ನಗಾರಿಯಂತೆ ಶಬ್ದ ಬರುತ್ತದೆ, ದೂರದವರೆಗೆ ಕೇಳುತ್ತದೆ.

ಬಿಸಿಲೂರು
ಬಡಿಯಬೇಡಿ ಅಂತಲೂ ಸೇರಿಸಿ. ಬಂದವರೆಲ್ಲ ಕಲ್ಲಿನಿಂದ ಕುಟ್ಟಿದರೆ ಅದೆಷ್ಟು ದಿನ ಬರುತ್ತದೆ?

ಚಾರಣಿಗ
ಬಡಿಯಲೆಂದೇ ಇಟ್ಟ ಕಲ್ಲನ್ನು ಬಡಿಯಬಾರದು ಅಂದರೆ ನಾನು ಒಪ್ಪುವುದಿಲ್ಲ. ಮರದ ಕೊಡತಿಯಿಂದ ಮೆಲ್ಲಗೆ ಬಡಿದರೆ ಏನೂ ಆಗದು.

ಬಳ್ಳಾರಿ ಬಿರುಗಾಳಿ
ಶಬ್ದ ಮಾಡುವ ಕಲ್ಲು ಅಂದರೆ ಬಳ್ಳಾರಿ ಹತ್ತಿರದ ನಮ್ಮ ಸಂಗನಕಲ್ಲು, ಕಪ್ಪಗಲ್ಲು ಕಡೆ ಬನ್ನಿ. ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಕರಿಕಲ್ಲಿನ ಒಂದು ಸಾಲು ಇದೆ. ಅದರ ಮೇಲೆ ಉದ್ದ ಕೊಂಬಿನ ಗೂಳಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆ ಬಡಿದರೆ ಗಂಟೆಯ ನಾದ. ಬಡಿದು ಬಡಿದು ಗುಳಿ ಬಿದ್ದಿವೆ. ಜಾಗ 1892ರಲ್ಲೇ ಹೊರಜಗತ್ತಿಗೆ ಗೊತ್ತಾಗಿತ್ತು. ಆಮೇಲೆ ಹುಡುಕಿಕೊಂಡು ಬಂದವರಿಗೆ ಬಹಳ ಕಾಲ ಸಿಗಲೇ ಇಲ್ಲ. ಅಷ್ಟರಲ್ಲಿ ಗುಡ್ಡಕ್ಕೆ ಕ್ವಾರಿ ಬಂತು. ಪುರಾತತ್ವಜ್ಞರಾದ ರವಿ ಕೋರಿಶೆಟ್ಟರ್ ಮತ್ತು ನಿಕೋಲ್ ಬೊಯ್ವಿನ್ ಅಲ್ಲಿ ಕೆಲಸ ಮಾಡಿ ಬರೆದ ಮೇಲೆ ಮತ್ತೆ ಹೆಸರು ಬಂತು.

ಇದನ್ನು ಹೇಳಲು ಕಾರಣ ಇದೆ. ಲೊಕೇಶನ್ ಹಾಕಬೇಕಾ ಬೇಡವಾ ಅಂತ ಯಾರೂ ಬಾಯಿ ಬಿಟ್ಟಿಲ್ಲ, ಆದರೆ ಯಾರೂ ಹಾಕಿಲ್ಲ. ನನ್ನ ಪ್ರಕಾರ ಹಾಕಬೇಕು. ಯಾರಿಗೂ ಗೊತ್ತಿಲ್ಲದ ಚಿತ್ರವನ್ನು ಡೈನಮೈಟ್ ಇಟ್ಟು ಸಿಡಿಸಿದರೂ ಕೇಳುವವರು ಇರುವುದಿಲ್ಲ. ನೂರು ಜನ ನೋಡಿದ್ದರೆ ಹತ್ತು ಜನ ಗಲಾಟೆ ಮಾಡುತ್ತಾರೆ.

ಹಾಸುಬಂಡೆ
ಇಲ್ಲಿ ನಾನು ಒಪ್ಪುವುದಿಲ್ಲ. ಊರ ಹೆಸರು ಹೇಳಿ, ಗುಡ್ಡದ ಹೆಸರು ಹೇಳಿ, ಮಹತ್ವ ಹೇಳಿ. ಆದರೆ ಮ್ಯಾಪಿನಲ್ಲಿ ಚುಕ್ಕಿ ಇಟ್ಟು ಇಂಥದ್ದೇ ಬಂಡೆ ಅಂತ ತೋರಿಸಿದರೆ ಬರುವವರು ಯಾರನ್ನೂ ಕೇಳದೆ ನೇರ ಅಲ್ಲಿಗೇ ಬರುತ್ತಾರೆ. ಚುಕ್ಕಿ ಇಲ್ಲದಿದ್ದರೆ ಊರಿನವರೊಬ್ಬರನ್ನು ಕೇಳಲೇಬೇಕು, ಕರೆದುಕೊಂಡು ಹೋಗಲೇಬೇಕು. ಜೊತೆಗೆ ಒಬ್ಬರು ಇದ್ದರೆ ಹೆಸರು ಕೆತ್ತುವ ಧೈರ್ಯ ಬರುವುದಿಲ್ಲ. ಆ ಊರಿನವರಿಗೂ ನಾಲ್ಕು ಕಾಸು ಸಿಗುತ್ತದೆ. ಚಿತ್ರ ಉಳಿದರೆ ತಮ್ಮ ದುಡಿಮೆ ಉಳಿಯುತ್ತದೆ ಅಂತ ಅವರಿಗೆ ಅನಿಸಿದ ದಿನ ಅವರಿಗಿಂತ ಒಳ್ಳೇ ಕಾವಲುಗಾರ ಬೇರೆ ಸಿಗುವುದಿಲ್ಲ.

ಬಳ್ಳಾರಿ ಬಿರುಗಾಳಿ
ಎಲ್ಲ ಊರಿನಲ್ಲೂ ಹಾಗೆ ಕರೆದುಕೊಂಡು ಹೋಗುವವರು ಇರುವುದಿಲ್ಲ. ಒಬ್ಬಂಟಿ ಗುಡ್ಡಗಳ ಗತಿ ಏನು?

ಹಾಸುಬಂಡೆ
ಅಂಥ ಕಡೆ ನಿಖರ ಜಾಗವನ್ನು ಪುರಾತತ್ವ ಇಲಾಖೆಗೆ ಬರೆದು ಕೊಡಿ. ಫೋಟೊ ಸಮೇತ, ದಿನಾಂಕ ಸಮೇತ. ಸಾರ್ವಜನಿಕವಾಗಿ ಹಾಕಬೇಡಿ. ಎರಡನ್ನೂ ಒಂದೇ ಅಂತ ಯಾಕೆ ನೋಡುತ್ತೀರಿ?

ಬಳ್ಳಾರಿ ಬಿರುಗಾಳಿ
ಬರೆದದ್ದಕ್ಕೆ ಉತ್ತರ ಬರುವಷ್ಟರಲ್ಲಿ ಜೆಸಿಬಿ ಬಂದಿರುತ್ತದೆ. ನಾನು ಈ ಮಾತು ಬಿಡುವುದಿಲ್ಲ. ನಮ್ಮ ಕಡೆ ಕಳೆದುಹೋದದ್ದು ಪ್ರವಾಸಿಗರಿಂದ ಅಲ್ಲ, ಕ್ರಷರ್‌ಗಳಿಂದ.

ತಾಳೆಗರಿ
ಇಬ್ಬರೂ ನಿಮ್ಮ ನಿಮ್ಮ ಊರಿನ ಕಷ್ಟ ಹೇಳುತ್ತಿದ್ದೀರಿ. ಕ್ವಾರಿ ಇರುವ ಕಡೆ ಜೋರಾಗಿ ಕೂಗಬೇಕು. ಹಿರೇಬೆಣಕಲ್ಲಿಗೆ ಈಗ ಆ ಭಯ ಕಡಿಮೆ, ಜನರ ಭಯ ಜಾಸ್ತಿ. ಕಾನೂನೂ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಕೇಂದ್ರದ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಹೆಸರು ಕೆತ್ತುವ ಹುಡುಗರಿಗೆ ಇದು ಗೊತ್ತಿರಬೇಕು.

ಶಾಲೆ ಮೇಷ್ಟ್ರು
ಜೈಲಿನ ಮಾತಿಗಿಂತ ಮೊದಲು ಮಕ್ಕಳಿಗೆ ತೋರಿಸಿ. ಒಂಬತ್ತನೇ ತರಗತಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹೊರಡುವ ಮೊದಲು ಶಾಲೆಯಲ್ಲೇ ಕಾವಿಮಣ್ಣು ಅರೆದು ನೀರಿನಲ್ಲಿ ಕಲಸಿ ಕಲ್ಲಿನ ಮೇಲೆ ಬರೆಯಲು ಹೇಳಿದೆ. ನುಣುಪು ಕಲ್ಲಿಗೆ ಹಿಡಿಯಲಿಲ್ಲ. ಒಣಗಿದ ಮೇಲೆ ಮುಟ್ಟಿದರೆ ಕೈಗೆ ಬಂತು. ಅದಾದ ಮೇಲೆ ಗುಡ್ಡದಲ್ಲಿ ಒಬ್ಬ ಹುಡುಗನೂ ಚಿತ್ರ ಮುಟ್ಟಲಿಲ್ಲ. ಬರೆದವರ ಜಾಣತನ ಎಷ್ಟು ಅಂತ ಅವರಿಗೇ ಗೊತ್ತಾಗಿತ್ತು. ಒಬ್ಬಳು ಹುಡುಗಿ, ಇವರು ಏಣಿ ಇಟ್ಟುಕೊಂಡಿದ್ದರಾ ಸರ್ ಅಂತ ಕೇಳಿದಳು. ಚಿತ್ರ ನಮ್ಮ ಕೈಗೆ ಎಟುಕದಷ್ಟು ಮೇಲಿತ್ತು. ಒಳ್ಳೇ ಪ್ರಶ್ನೆ.

ಮಲೆನಾಡ ಮಳೆ
ಭೀಮಬೇಟ್ಕಕ್ಕೆ ಹೋದವರು ಇದ್ದೀರಾ? ಅದೂ ನನ್ನ ಪಟ್ಟಿಯಲ್ಲಿದೆ.

ತಾಳೆಗರಿ
ಹೋಗಿ. ಭೋಪಾಲದಿಂದ ಸುಮಾರು 45 ಕಿ.ಮೀ. 1957ರಲ್ಲಿ ಪುರಾತತ್ವಜ್ಞ ವಾಕಣಕರ್ ರೈಲಿನ ಕಿಟಕಿಯಿಂದ ಆ ಬಂಡೆಗಳನ್ನು ನೋಡಿ, ಇಲ್ಲಿ ಏನೋ ಇದೆ ಅಂತ ಹುಡುಕಿಕೊಂಡು ಹೋದರು. 2003ರಲ್ಲಿ ವಿಶ್ವ ಪರಂಪರೆ ತಾಣ ಆಯಿತು. ಆ ಪ್ರದೇಶದಲ್ಲಿ 700ಕ್ಕೂ ಹೆಚ್ಚು ಆಸರೆಗಳಿವೆ. ಪ್ರವಾಸಿಗರಿಗೆ ತೆರೆದಿರುವುದು ಸುಮಾರು 15 ಮಾತ್ರ. ಕಾಲುದಾರಿ, ಅಡ್ಡಕಂಬಿ, ಕಾವಲುಗಾರರು ಎಲ್ಲ ಇದ್ದಾರೆ. ಉಳಿದವು ಕಾಡಿನೊಳಗೆ ಸುರಕ್ಷಿತ. ನನಗೆ ಇದೇ ಸರಿ ಕಾಣುತ್ತದೆ. ಕೆಲವನ್ನು ಚೆನ್ನಾಗಿ ತೋರಿಸಿ, ಉಳಿದವನ್ನು ಬಿಟ್ಟುಬಿಡಿ.

ಮಳೆಬಿಲ್ಲು
ಭೀಮಬೇಟ್ಕದ ಹೆಜ್ಜೇನಿನ ಕಥೆ ಗೊತ್ತಾ? ಸಭಾಂಗಣದಂಥ ದೊಡ್ಡ ಗವಿಯ ಚಾವಣಿಯಲ್ಲಿ ಎಲೆಯಂಥ ಒಂದು ಅಚ್ಚು ಕಂಡು, ಇದು 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯಾ ಅನ್ನುವ ಜೀವಿಯ ಪಳೆಯುಳಿಕೆ ಅಂತ 2021ರಲ್ಲಿ ಪ್ರಕಟ ಆಯಿತು. 2023ರಲ್ಲಿ ಬೇರೆ ತಂಡ ಹೋಗಿ ನೋಡಿದರೆ ಅದು ಕಿತ್ತುಹೋಗುತ್ತಿರುವ ಹೆಜ್ಜೇನು ಗೂಡಿನ ಉಳಿಕೆ!

ಗಂಗಾವತಿಯವ
ಹೆಜ್ಜೇನು ಅಂದಿದ್ದು ಒಳ್ಳೇದಾಯಿತು. ನಮ್ಮ ಗುಡ್ಡದಲ್ಲೂ ಬಂಡೆ ಕೆಳಗೆ ಗೂಡು ಇರುತ್ತವೆ. ಸೆಂಟ್ ಹಾಕಿಕೊಂಡು ಬರಬೇಡಿ, ಹೊಗೆ ಎಬ್ಬಿಸಬೇಡಿ, ಡ್ರೋನ್ ಬೇಡವೇ ಬೇಡ. ಎದ್ದರೆ ಆ ಬಂಡೆಗಳ ನಡುವೆ ಓಡಲು ಜಾಗ ಇಲ್ಲ.

ದಾರಿಹೋಕ
ಇಷ್ಟೊಂದು ಜನ ಉತ್ತರ ಕೊಟ್ಟಿದ್ದಕ್ಕೆ ಖುಷಿ ಆಯಿತು. ಹೀಗೆ ಮಾಡುತ್ತೇವೆ. ಮೊದಲ ದಿನ ಅಪ್ಪನ ಜೊತೆ ಆನೆಗುಂದಿ, ಒನಕೆ ಕಿಂಡಿ. ಎರಡನೇ ದಿನ ಬೆಳಿಗ್ಗೆ ನಾನು, ಮಗಳು ಮತ್ತು ಊರಿನವರೊಬ್ಬರು ಗುಡ್ಡಕ್ಕೆ. ಲೊಕೇಶನ್ ಬೇಡ, ಕೇಳಿಕೊಂಡೇ ಹೋಗುತ್ತೇವೆ. ಮೇಷ್ಟ್ರು ಹೇಳಿದ ಕಾವಿಮಣ್ಣಿನ ಕೆಲಸವನ್ನು ಈ ಭಾನುವಾರವೇ ಮಗಳ ಕೈಯಲ್ಲಿ ಮಾಡಿಸುತ್ತೇನೆ. ಒಂದೇ ಪ್ರಶ್ನೆ ಉಳಿಯಿತು. ಡಿಸ್ಟ್ರೆಚ್ ಫೋನಿನಲ್ಲಿ ಬರುತ್ತದಾ?

ಕ್ಯಾಮೆರಾ ಕಣ್ಣು
ಐಫೋನಿಗೆ ಆ್ಯಪ್ ಇದೆ. ಬೇರೆ ಫೋನಾದರೆ ಸುಮ್ನೆ ಫೋಟೊ ತೆಗೆದುಕೊಂಡು ಬನ್ನಿ, ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ. ಪ್ರತಿ ಚಿತ್ರಕ್ಕೂ ಎರಡು ಫೋಟೊ ಇರಲಿ. ಒಂದು ಹತ್ತಿರದಿಂದ, ಇನ್ನೊಂದು ಇಡೀ ಗೋಡೆ ಕಾಣುವಂತೆ. ಫೋನಿನ ಲೊಕೇಶನ್ ಆಫ್ ಮಾಡಿ ತೆಗೆಯಿರಿ. ಇಲ್ಲದಿದ್ದರೆ ನೀವು ಹೇಳದಿದ್ದರೂ ಫೋಟೊವೇ ಜಾಗ ಹೇಳಿಬಿಡುತ್ತದೆ.